ನೀರು ಕಡಲಿನದ್ದು, ಕಟ್ಟಿಗೆ ಯಾರದ್ದು?

ಮೇ ತಿಂಗಳು ಹತ್ತಿರ ಬಂತೆಂದರೆ ಮಂಗಳೂರಿನಲ್ಲಿ ಅಡಿಕೆ ಧಾರಣೆಗಿಂತ ಹೆಚ್ಚು ಜನ ವಿಚಾರಿಸುವುದು ತುಂಬೆ ಅಣೆಕಟ್ಟಿನ ನೀರಿನ ಮಟ್ಟವನ್ನು. 2016ರಲ್ಲಿ, 2019ರಲ್ಲಿ, ಮತ್ತೆ 2023ರಲ್ಲಿ ನೇತ್ರಾವತಿ ಸೊರಗಿ ನಳ್ಳಿ ನೀರಿಗೆ ರೇಷನ್ ಬಂದದ್ದನ್ನು ಯಾರೂ ಮರೆತಿಲ್ಲ. ಟ್ಯಾಂಕರಿನವರಿಗೆ ಹಬ್ಬ, ಹೋಟೆಲಿನವರಿಗೆ ಸೂತಕ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತವರ ಬಾಯಲ್ಲಿ ಆಗ ಒಂದೇ ಮಾತು: ಎದುರಿಗೇ ಇಷ್ಟು ದೊಡ್ಡ ಕಡಲು ಬಿದ್ದುಕೊಂಡಿದೆ, ಅದನ್ನೇ ಸಿಹಿ ಮಾಡಿ ಕೊಡಬಾರದಾ ಮಾರಾಯ್ರೇ?

ಕೊಡಬಹುದು. ವಿದ್ಯೆ ಹಳೆಯದು. ಒಲೆಗೆ ಕಟ್ಟಿಗೆ ಯಾರು ಹಾಕುವುದು ಅನ್ನುವುದೇ ಪ್ರಶ್ನೆ.

ಲೆಕ್ಕ ನೋಡಿ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಹಂಡೆಯಲ್ಲಿ ಕುದಿಸಿ, ಹಬೆಯನ್ನು ಹಿಡಿದು ತಣಿಸಿದರೆ ಸಿಹಿನೀರು. ಭಟ್ಟಿ ಇಳಿಸುವವರಿಗೆ ಈ ಉಪಾಯ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹಬೆಯ ಬಿಸಿಯನ್ನು ಪುನಃ ದುಡಿಸಿಕೊಳ್ಳದೆ ಹೋದರೆ ಸಾವಿರ ಲೀಟರಿಗೆ 600 ಯೂನಿಟ್‌ಗೂ ಮಿಕ್ಕಿದ ಶಾಖ ಬೇಕು. ಇನ್ನೊಂದು ದಾರಿ, ಅಡಿಗೆಕೋಣೆಯ ಗೋಡೆಗೆ ನೇತುಹಾಕುವ ಆರ್‌ಒ ಯಂತ್ರದ ದೊಡ್ಡಣ್ಣ. ಬಹಳ ಸೂಕ್ಷ್ಮವಾದ ಪೊರೆಯ ಮೂಲಕ ನೀರನ್ನು ಭಾರೀ ಒತ್ತಡದಿಂದ ತಳ್ಳುವುದು. ನೀರು ಆಚೆ ದಾಟುತ್ತದೆ, ಉಪ್ಪು ಈಚೆ ಉಳಿಯುತ್ತದೆ. ಈಗಿನ ದೊಡ್ಡ ಸ್ಥಾವರಗಳಲ್ಲಿ ಇದಕ್ಕೆ ಸಾವಿರ ಲೀಟರಿಗೆ 3ರಿಂದ 4 ಯೂನಿಟ್ ಕರೆಂಟು ಸಾಕು.

ಬರೇ ಮೂರು ನಾಲ್ಕಾ ಅಂತ ಅನ್ನಿಸೀತು. ಮಂಗಳೂರು ನಗರಕ್ಕೆ ಹರಿಯುವ ನೀರು ದಿನಕ್ಕೆ ಸುಮಾರು 16 ಕೋಟಿ ಲೀಟರ್. ಗುಣಿಸಿ ನೋಡಿ, ದಿನಕ್ಕೆ ಐದಾರು ಲಕ್ಷ ಯೂನಿಟ್! ನೀರಿಲ್ಲದೆ ಘಟಕಗಳನ್ನೇ ನಿಲ್ಲಿಸಬೇಕಾಗಿ ಬಂದಿದ್ದ ಎಂಆರ್‌ಪಿಎಲ್ ಈಗ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರಿನ ಸ್ಥಾವರ ಕಟ್ಟಿಕೊಂಡಿದೆ. (ಆ ಊರಿಗೆ ತಣ್ಣೀರುಬಾವಿ ಅಂತ ಹೆಸರಿಟ್ಟವರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!) ಎಣ್ಣೆ ಕಂಪೆನಿಗೆ ಅದು ಕಟ್ಟುತ್ತದೆ. ಬಡವರ ಊರಿಗೆ?

ಇದಕ್ಕೆ ಉತ್ತರ ಹುಡುಕಲು ನಮ್ಮ ಬಂದರಿನಿಂದಲೇ ಹೊರಡಬಹುದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನದೀವಿ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ತೆಂಗಿನ ನಾರು ಕೊಟ್ಟು ಅಕ್ಕಿ ಒಯ್ಯುತ್ತಿದ್ದ ಕಾಲ ಅದು. ಜಿಲ್ಲೆ ಬೇರೆಯಾಗಿ ಲಕ್ಷದ್ವೀಪವೆಂಬ ಹೆಸರು ಬಂದರೂ ಹಳೇ ಬಂದರಿನ ನಂಟು ಕಡಿದಿಲ್ಲ.

ಅಲ್ಲಿ ನದಿಯಿಲ್ಲ, ತೊರೆಯಿಲ್ಲ. ಹವಳದ ಮರಳಿನೊಳಗೆ, ಉಪ್ಪುನೀರಿನ ಮೇಲೆ, ಹಾಲಿನ ಕೆನೆಯ ಹಾಗೆ ಮಳೆನೀರಿನ ತೆಳು ಪದರವೊಂದು ತೇಲುತ್ತದೆ. ಬಾವಿಯೆಂದರೆ ಅಷ್ಟೇ. ಪಂಪು ಇಟ್ಟು ಆಸೆಯಿಂದ ಎಳೆದರೆ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ.

2005ರಲ್ಲಿ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಕವರತ್ತಿಯಲ್ಲಿ ಒಂದು ಸ್ಥಾವರ ನಿಲ್ಲಿಸಿದರು. ದಿನಕ್ಕೆ 1 ಲಕ್ಷ ಲೀಟರ್. 2011ರ ಜನಗಣತಿಯಲ್ಲಿ ಕವರತ್ತಿಯ ಜನ 11 ಸಾವಿರದ ಆಸುಪಾಸು. ತಲೆಗೆ 9 ಲೀಟರ್, ಕುಡಿಯಲಿಕ್ಕೆ, ಗಂಜಿ ಬೇಯಿಸಲಿಕ್ಕೆ ಸಾಕು.

ಇದರ ಕೆಲಸ ಕೇಳಿದರೆ ತಮಾಷೆ ಎನಿಸುತ್ತದೆ. ಕಡಲಿನ ಮೇಲ್ಪದರದ ನೀರನ್ನು ಬಿಸಿಲು ಸುಮಾರು 28 ಡಿಗ್ರಿಯವರೆಗೆ ಕಾಯಿಸಿಟ್ಟಿರುತ್ತದೆ. ಅದನ್ನು ಒಂದು ದೊಡ್ಡ ಕೊಳವಿಗೆಗೆ ಬಿಟ್ಟು ಒಳಗಿನ ಗಾಳಿಯನ್ನು ಹೀರಿ ತೆಗೆದರೆ ಕೈಗೆ ಬಿಸಿಯೂ ತಾಗದ ಆ ನೀರು ಕುದಿಯುತ್ತದೆ! ಎತ್ತರದ ಬೆಟ್ಟದ ಮೇಲೆ ನೀರು ಬೇಗ ಕುದಿಯುವ ಸಂಗತಿ ಗೊತ್ತಲ್ಲ, ಅದರದ್ದೇ ಮುಂದುವರಿಕೆ. ಹಾಗೆ ಎದ್ದ ಹಬೆಯನ್ನು ತಣಿಸಲು ಸುಮಾರು 350 ಮೀಟರ್ ಆಳದಿಂದ 12 ಡಿಗ್ರಿ ಆಸುಪಾಸಿನ ತಣ್ಣೀರನ್ನು ಪೈಪಿನಲ್ಲಿ ಎತ್ತುತ್ತಾರೆ. ದ್ವೀಪದ ದಡದಿಂದ ತುಸು ಆಚೆಗೇ ಕಡಲು ಅಷ್ಟು ಆಳಕ್ಕೆ ಇಳಿಯುವುದರಿಂದ ಇದು ಸಾಧ್ಯ. ನಮ್ಮ ಪಣಂಬೂರು, ಮಲ್ಪೆಯಲ್ಲಿ ಅಂಥ ಆಳ ಬೇಕಾದರೆ ದಡ ಬಿಟ್ಟು ಎಷ್ಟೋ ದೂರ ಹೋಗಬೇಕು. ಹಾಗಾಗಿ ಈ ಯಂತ್ರ ಹಾಗೇ ಇಲ್ಲಿಗೆ ತರುವಂಥದ್ದಲ್ಲ.

ಕಾಯಿಸುವ ಬಿಸಿ ಸೂರ್ಯನದ್ದು, ಪುಕ್ಕಟೆ. ಆದರೆ ನೀರು ಎತ್ತುವ ಪಂಪು, ಗಾಳಿ ಹೀರುವ ಪಂಪು? ಅವಕ್ಕೆ ಕರೆಂಟು ಬೇಕು. ದ್ವೀಪಗಳ ಕರೆಂಟು ಬಹುಕಾಲದಿಂದ ಡೀಸೆಲ್ ಜನರೇಟರಿನದ್ದು, ಡೀಸೆಲ್ ಬರುವುದು ಹಡಗಿನಲ್ಲಿ. ಮಳೆಗಾಲದಲ್ಲಿ ಕಡಲು ಮುನಿದರೆ ಹಡಗು ತಡ. ಅಂದರೆ ಕುಡಿಯುವ ನೀರಿನ ಕೊಡಪಾನವನ್ನು ಒಯ್ದು ಡೀಸೆಲ್ ಪೀಪಾಯಿಗೆ ಕಟ್ಟಿದ ಹಾಗಾಯಿತು.

ಗಂಟು ಬಿಡಿಸುವ ಪ್ರಯತ್ನ ನಡೆದಿದೆ. ಮೇಲಿನ ಬೆಚ್ಚಗಿನ ನೀರು, ಆಳದ ತಣ್ಣೀರು, ಇವೆರಡರ ವ್ಯತ್ಯಾಸದಿಂದಲೇ 65 ಕಿಲೋವಾಟ್ ಕರೆಂಟು ತೆಗೆದು ಅದರಿಂದಲೇ ನೀರಿನ ಸ್ಥಾವರ ನಡೆಸುವ ಕೆಲಸವನ್ನು ಅದೇ ಸಂಸ್ಥೆ ಕವರತ್ತಿಯಲ್ಲಿ ಕೈಗೊಂಡಿದೆ. 2024ರ ಜನವರಿಯಲ್ಲಿ ಅಲ್ಲಿ ಬ್ಯಾಟರಿ ಸಮೇತ ಸೌರ ವಿದ್ಯುತ್ ಸ್ಥಾವರ ಉದ್ಘಾಟನೆಯಾಯಿತು. ಅದೇ ಹೊತ್ತಿಗೆ ನಮ್ಮ ಹಳೇ ಜಿಲ್ಲೆಯ ಕಡಮತ್‌ಗೂ ದಿನಕ್ಕೆ ಒಂದೂವರೆ ಲಕ್ಷ ಲೀಟರಿನ ನೀರಿನ ಯಂತ್ರ ಬಂತು.

ಬಿಸಿಲನ್ನು ನೇರವಾಗಿ ದುಡಿಸಿದವರೂ ಇದ್ದಾರೆ. ಗುಜರಾತಿನ ಭಾವನಗರದ ಹತ್ತಿರ ಅವಾನಿಯಾ ಎಂಬ ಹಳ್ಳಿಯಲ್ಲಿ 1978ರಲ್ಲೇ ಗಾಜು ಹೊದೆಸಿದ ತೊಟ್ಟಿಗಳಲ್ಲಿ ಉಪ್ಪುನೀರು ನಿಲ್ಲಿಸಿ ದಿನಕ್ಕೆ 5 ಸಾವಿರ ಲೀಟರ್ ಸಿಹಿನೀರು ಇಳಿಸುವ ಏರ್ಪಾಡು ಮಾಡಿದರು. ಯಂತ್ರವಿಲ್ಲ, ಸದ್ದಿಲ್ಲ. ಜಾಗ ಮಾತ್ರ ನುಂಗುತ್ತದೆ. ಒಂದು ಚದರ ಮೀಟರ್ ಗಾಜಿನಿಂದ ದಿನಕ್ಕೆ ಹೆಚ್ಚೆಂದರೆ ಮೂರು, ನಾಲ್ಕು ಲೀಟರ್. ಧೂಳು ಕೂತರೆ ಅದೂ ಇಲ್ಲ. ಆಫ್ರಿಕಾದ ಕೀನ್ಯದಲ್ಲಿ, ಸೊಮಾಲಿಯ ಗಡಿಯ ಕಿಯುಂಗಾ ಎಂಬ ಮೀನುಗಾರರ ಊರಿನಲ್ಲಿ 2018ರಿಂದ ನಡೆದದ್ದು ಇನ್ನೊಂದು ಬಗೆ: ಬಿಸಿಲ ಹಲಗೆಯ ಕರೆಂಟಿನಿಂದ ಪೊರೆಯ ಯಂತ್ರ.

ಇನ್ನು ನಮ್ಮ ಕರಾವಳಿಯ ಮಾತು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಸಾವಿರ ಚದರಡಿ ಮಾಡಿನ ಮೇಲೆ ಮೂರು ಲಕ್ಷ ಲೀಟರ್ ಬೀಳುತ್ತದೆ, ಬಿದ್ದು ಚರಂಡಿ ಸೇರುತ್ತದೆ. ಇದನ್ನು ಬಿಟ್ಟು ಇಡೀ ನಗರಕ್ಕೆ ಕಡಲು ಹಿಂಡಿ ಕುಡಿಸುತ್ತೇವೆ ಅನ್ನುವವರ ಮಾತನ್ನು ಈ ಲೇಖಕ ಒಪ್ಪುವುದಿಲ್ಲ.

ಆದರೆ ಕುದ್ರುಗಳಿವೆ, ಅಳಿವೆ ಬದಿಯ ಮನೆಗಳಿವೆ. ಸುತ್ತ ನೀರು, ಏಪ್ರಿಲಿಗೆ ಬಾವಿ ಉಪ್ಪು. ಅಲ್ಲಿ ಕಡಲಿನವರೆಗೂ ಹೋಗಬೇಕಾಗಿಲ್ಲ. ಬಾವಿಯ ಸಪ್ಪೆ ಉಪ್ಪುನೀರನ್ನೇ ಪೊರೆಗೆ ಬಿಟ್ಟರೆ ಸಾವಿರ ಲೀಟರಿಗೆ ಒಂದೆರಡು ಯೂನಿಟ್ ಸಾಕು. ಇನ್ನೂರು ಮನೆ, ಮನೆಗೆ 40 ಲೀಟರ್ ಅಂತ ಇಟ್ಟುಕೊಳ್ಳಿ. ಒಟ್ಟು 8 ಸಾವಿರ ಲೀಟರ್. ಶಾಲೆಯ ಮಾಡಿನ ಮೇಲೆ ನಾಲ್ಕೈದು ಕಿಲೋವಾಟಿನ ಬಿಸಿಲ ಹಲಗೆ ಹಾಕಿದರೆ ಮುಗಿಯಿತು. ಬ್ಯಾಟರಿಯೂ ಬೇಡ. ಹಗಲು ನೀರು ಮಾಡಿ ಟ್ಯಾಂಕಿಯಲ್ಲಿ ತುಂಬಿಟ್ಟರೆ ಆ ಟ್ಯಾಂಕಿಯೇ ಬ್ಯಾಟರಿ. ನೀರು ಬತ್ತುವ ತಿಂಗಳುಗಳಲ್ಲೇ ಬಿಸಿಲೂ ಜೋರು. ಆಷಾಢದಲ್ಲಿ ಹಲಗೆ ಮಲಗಿದರೆ ಮಲಗಲಿ, ಆಗ ಬಾವಿ ತುಂಬಿರುತ್ತದೆ.

ಕಷ್ಟವಿರುವುದು ಯಂತ್ರ ಬಂದ ಮೇಲೆ. ಪೊರೆಗೆ ಕೆಲವೇ ವರ್ಷ ಆಯುಸ್ಸು, ಆಮೇಲೆ ಬದಲಿಸಬೇಕು. ಸಿಹಿನೀರು ತೆಗೆದ ಮೇಲೆ ಉಳಿಯುವ ಗಟ್ಟಿ ಉಪ್ಪುನೀರನ್ನು ಹರಿವಿಲ್ಲದ ಜಾಗಕ್ಕೆ ಸುರಿದರೆ ಮರುವಾಯಿ ಹೆಕ್ಕಿ ಬದುಕುವವರ ಹೊಟ್ಟೆಯ ಮೇಲೆ ಹೊಡೆದಂತೆ. ಉದ್ಘಾಟನೆಗೆ ಟೇಪು ಕತ್ತರಿಸುವವರು ಬೇಕಾದಷ್ಟು ಸಿಗುತ್ತಾರೆ. ಗ್ರಾಮಸಭೆಯಲ್ಲಿ ಇಂಥ ಯೋಜನೆಯ ಮಾತು ಎದ್ದರೆ ಪೊರೆಯ ಹಣ ಯಾವ ಲೆಕ್ಕದಿಂದ, ಯಂತ್ರ ನೋಡುವವನ ಸಂಬಳ ಯಾರ ಕೈಯಿಂದ, ಉಪ್ಪಿನ ಗಸಿ ಯಾವ ದಿಕ್ಕಿಗೆ ಎಂಬ ಮೂರನ್ನೂ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.