ಹೇಮಾವತಿಗೊಂದು ಬುತ್ತಿ ಪ್ರವಾಸ

ರಜೆಯಲ್ಲಿ ಕೈಕಚ್ಚದ ಪ್ರವಾಸ ಬೇಕೆನ್ನುವವರಿಗೆ ಮಡಕಶಿರಾ ಕಡೆಯ ಹೇಮಾವತಿ ಸಾಕು. ಹಿಂದೆ ಅನಂತಪುರ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ನೆಲ. ನೊಳಂಬರ ರಾಜಧಾನಿ ಹೆಂಜೇರು ಇದೇ. ಶಿರಾದಿಂದ ದೂರವಲ್ಲ, ಬುತ್ತಿ ಕಟ್ಟಿಕೊಳ್ಳಿ. ರಾಯದುರ್ಗದ ಕೋಟೆ ಹತ್ತಲು ಮಾತ್ರ ಇನ್ನೊಂದು ದಿನ ಬೇಕು.

ನಮ್ಮೊಡನೆ ಬಂದ ಬಂಧುಗಳು ತಮ್ಮನ ಮಗಳನ್ನು ದತ್ತು ಪಡೆದವರು. ಹೆತ್ತವರೂ ಜತೆಗಿದ್ದರು. ನೊಳಂಬವಾಡಿಯಿಂದ ಚೋಳರು ಒಯ್ದ ಕಂಬಗಳು ತಿರುವೈಯಾರಿನ ದೇಗುಲದಲ್ಲಿವೆ, ಇತಿಹಾಸಕಾರರು ಅವನ್ನು ಇಂದಿಗೂ ನೊಳಂಬ ಕಂಬಗಳೆಂದೇ ಗುರುತಿಸುತ್ತಾರೆ ಎಂದೆ. "ನನ್ನ ಹಾಗೆ!" ಎಂದಳು ಹುಡುಗಿ. ಪುಣ್ಯಕ್ಕೆ ಯಾರೂ ಮಾತು ಮರೆಸಲಿಲ್ಲ.

1956ರ ಹಿಂದೂ ದತ್ತಕ ಕಾಯ್ದೆಯಂತೆ ಅವಳು ದತ್ತು ಮನೆಯವಳೇ. ಆದರೆ ಹೆತ್ತವರನ್ನು ಕಾಣಬಾರದೆಂದು ಅದರಲ್ಲಿಲ್ಲ. ಸಂಸ್ಥೆಯ ಮೂಲಕ ಬಂದ ಮಗುವಿಗಾದರೆ ಹೆತ್ತವರ ಗುರುತು ಗೋಪ್ಯ. 18 ತುಂಬಿದ ಮೇಲೆ ಮೂಲ ಅರಸಲು ಅರ್ಜಿ ಹಾಕಬಹುದು.

ಸಂಜೆ ಬಸ್ಸಿನಲ್ಲಿ ಅವಳು ಇಬ್ಬರು ಅಮ್ಮಂದಿರ ನಡುವೆ ಕುಳಿತು ನಿದ್ದೆಹೋದಳು.