ಹದಿಹರೆಯದ ನಿದ್ದೆ, ಸಿಟ್ಟು, ಮೌನ

ಬೆಳಗಿನ ಐದೂವರೆಗೆ ಮೈಸೂರಿನ ಅಗ್ರಹಾರದ ನೂರೊಂದು ಗಣಪತಿ ದೇವಸ್ಥಾನದ ಆಸುಪಾಸಿನಲ್ಲಿ ಹಾಲಿನವರು, ಹೂವಿನವರ ಜೊತೆಗೆ ಟ್ಯೂಷನ್ನಿಗೆ ಹೊರಟ ಪಿಯುಸಿ ಮಕ್ಕಳೂ ಕಾಣುತ್ತಾರೆ. ಅಪ್ಪನ ಸ್ಕೂಟರಿನ ಹಿಂದೆ ಕೂತು ತೂಕಡಿಸುತ್ತಾರೆ. ರಾತ್ರಿ ಮಲಗಿದ್ದು ಹನ್ನೆರಡರ ಮೇಲೆ. ಸಂಜೆ ಮನೆಗೆ ಬಂದ ಮಗ ಅಮ್ಮನ ಒಂದು ಮಾತಿಗೆ ಸಿಡುಕಿ ಕೋಣೆಯ ಬಾಗಿಲು ಹಾಕಿಕೊಂಡರೆ, "ಇವನಿಗೆ ಕೊಬ್ಬು ಜಾಸ್ತಿಯಾಗಿದೆ" ಎನ್ನುತ್ತೇವೆ. ಅವನು ನಿದ್ದೆಗೆಟ್ಟಿದ್ದಾನೆ ಎಂಬುದು ಬಹಳ ಮನೆಗಳಲ್ಲಿ ಹೊಳೆಯುವುದೇ ಇಲ್ಲ.

ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿನಲ್ಲಿ ಮೊದಲಿಗಿಂತ ಒಂದೆರಡು ಗಂಟೆ ತಡವಾಗಿ ಏರುತ್ತದೆ. ಹಾಗಾಗಿ ಒಂಬತ್ತಕ್ಕೆ ಮಲಗು ಎಂದರೆ ಅವರಿಗೆ ನಿದ್ದೆ ಬರುವುದಿಲ್ಲ, ಐದಕ್ಕೆ ಏಳು ಎಂದರೆ ಕಣ್ಣು ಬಿಡಲಾಗುವುದಿಲ್ಲ. ಅದು ಸೋಮಾರಿತನವಲ್ಲ. ಕೈಯಲ್ಲಿನ ಮೊಬೈಲಿನ ಬೆಳಕು ನಿದ್ದೆಯನ್ನು ಇನ್ನೂ ಮುಂದಕ್ಕೆ ತಳ್ಳುತ್ತದೆ. ಹದಿಹರೆಯದವರ ಶಾಲೆ ಬೆಳಗ್ಗೆ ಎಂಟೂವರೆಗೆ ಮೊದಲು ಶುರುವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೇಳಿತು. ನಾವು ಐದೂವರೆಯ ಟ್ಯೂಷನ್ನನ್ನು ಶಿಸ್ತು ಎಂದು ಹೊಗಳುತ್ತೇವೆ. ಸಂಜೆಯ ಬ್ಯಾಚ್ ಸಿಗುವಂತಿದ್ದರೆ ಅದಕ್ಕೇ ಸೇರಿಸಿ. ಸಿಗದಿದ್ದರೆ ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಡಿ. ರಾತ್ರಿ ಮನೆಮಂದಿಯ ಮೊಬೈಲುಗಳೆಲ್ಲ ನಡುಮನೆಯಲ್ಲಿ ಒಂದೇ ಕಡೆ ಚಾರ್ಜಿಗೆ ಬೀಳಲಿ, ಅಪ್ಪನದೂ ಸೇರಿ. ಮಗನದನ್ನು ಮಾತ್ರ ಕಿತ್ತುಕೊಂಡರೆ ಅದು ಶಿಕ್ಷೆಯಾಗುತ್ತದೆ.

ನಿದ್ದೆಯೊಂದರಿಂದ ಎಲ್ಲ ಸರಿಹೋಗುವುದಿಲ್ಲ. ಹಿಂದುಮುಂದು ಯೋಚಿಸಿ ತಡೆಹಿಡಿಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಹತ್ತಿರ ಬರಬೇಕು; ಖುಷಿ, ರೋಮಾಂಚನ, ಗೆಳೆಯರ ಮೆಚ್ಚುಗೆಗೆ ಮಿಡಿಯುವ ಭಾಗ ಅದಕ್ಕೂ ಮೊದಲೇ ಚುರುಕಾಗಿರುತ್ತದೆ. ಈ ಅಂತರದಲ್ಲೇ ದುಡುಕು, ಹಟ, ಗೆಳೆಯರ ಮಾತೇ ವೇದವಾಗುವುದು ಎಲ್ಲ ಇರುವುದು. ಮೈಯ ಬದಲಾವಣೆಯ ವಿಷಯಕ್ಕೆ ಬಂದರೆ, ಹೆಣ್ಣುಮಗಳಿಗೆ ಅಮ್ಮನೋ ಅಜ್ಜಿಯೋ ಅಷ್ಟಿಷ್ಟು ಹೇಳುತ್ತಾರೆ. ಗಂಡುಮಗನಿಗೆ ಯಾರೂ ಏನೂ ಹೇಳುವುದಿಲ್ಲ. ಅವನು ಮೊಬೈಲಿನಿಂದ ಕಲಿಯುತ್ತಾನೆ, ತಪ್ಪಾಗಿ ಕಲಿಯುತ್ತಾನೆ. ಅಪ್ಪಂದಿರು ಈ ಮಾತನ್ನು ಹತ್ತು, ಹನ್ನೊಂದರ ವಯಸ್ಸಿಗೇ ಶುರುಮಾಡಬೇಕು.

ಮಾತಾಡುವುದು ಹೇಗೆ? ಎದುರಿಗೆ ಕೂರಿಸಿಕೊಂಡು "ನಿನ್ನ ಜೊತೆ ಮಾತಾಡ್ಬೇಕು" ಎಂದರೆ ಮಗು ಆಗಲೇ ಕಟಕಟೆ ಹತ್ತಿದಂತೆ. ಬಟಾಣಿ ಬಿಡಿಸುವಾಗ, ಮಾರ್ಕೆಟ್ಟಿಗೆ ಹೋಗಿಬರುವಾಗ, ಬಟ್ಟೆ ಮಡಿಸುವಾಗ ಅವರೇ ಬಾಯಿಬಿಡುತ್ತಾರೆ.

"ಅಮ್ಮಾ, ಕೆಮಿಸ್ಟ್ರಿ ನನ್ ಕೈಲಾಗಲ್ಲ."

"ಪಕ್ಕದ್ಮನೆ ಹುಡುಗಿಗೆ ಹೇಗಾಗುತ್ತೆ?" ಎಂದರೆ ಮಾತು ಅಲ್ಲಿಗೇ ಮುಗಿಯಿತು. "ಯಾವುದು ಕಷ್ಟ ಆಗ್ತಿದೆ, ಹೇಳಪ್ಪ" ಎಂದು ಕಾಯಬೇಕು. ಮೊದಲ ಐದು ನಿಮಿಷ ಉಪದೇಶ ಬೇಡ.

ಅಂಕಗಳ ಭಯಕ್ಕೆ ಇಷ್ಟು ತಿಳಿದಿರಲಿ. ಕರ್ನಾಟಕದಲ್ಲಿ 2024ರಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಫಲಿತಾಂಶದ ದಿನಕ್ಕೆ ಮೊದಲೇ ಇದನ್ನು ಮನೆಯಲ್ಲಿ ಮಾತಾಡಿಕೊಳ್ಳಿ. ಅಗ್ರಹಾರದ ಪಕ್ಕದ ಲಕ್ಷ್ಮೀಪುರಂನಲ್ಲಿ ಬಾಳಿದ ಕಾದಂಬರಿಕಾರ ಆರ್.ಕೆ. ನಾರಾಯಣ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲೇ ಓದುತ್ತಾ ಬರೆಯುತ್ತಾ ಕಳೆದವರು. ಆಮೇಲೆ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮಾಡಿದರು.

ಸಿಡುಕು ಬಂದುಹೋಗುತ್ತದೆ. ಆದರೆ ಎರಡು ವಾರ ಕಳೆದರೂ ಊಟ ಸೇರದೆ, ಗೆಳೆಯರು ಬೇಡವಾಗಿ, ಇಷ್ಟದ ಆಟವೂ ಬೇಡವಾದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮೈ ಕುಯ್ದುಕೊಂಡ ಗುರುತು ಕಂಡರೆ, ಮುದ್ದಿನ ವಸ್ತುಗಳನ್ನು ಹಂಚತೊಡಗಿದರೆ, "ನಾನಿಲ್ದಿದ್ರೆ ನಿಮಗೆ ನೆಮ್ಮದಿ" ಎಂದರೆ ಒಂದು ದಿನವೂ ಕಾಯಬಾರದು, ಒಂಟಿಯಾಗಿ ಬಿಡಲೂ ಬಾರದು. "ಸಾಯಬೇಕು ಅನ್ನಿಸ್ತಿದೆಯಾ, ಕಂದಾ?" ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಬಹಳ ಮಕ್ಕಳಿಗೆ ಆ ಪ್ರಶ್ನೆಯಿಂದಲೇ ಭಾರ ಇಳಿಯುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅಗ್ರಹಾರದವರಿಗೆ ಜೆಎಸ್‌ಎಸ್ ಆಸ್ಪತ್ರೆ ಹತ್ತಿರದಲ್ಲೇ ಇದೆ, ಕೆ.ಆರ್. ಆಸ್ಪತ್ರೆಯೂ ದೂರವಿಲ್ಲ, ಎರಡರಲ್ಲೂ ಮನೋವೈದ್ಯಕೀಯ ವಿಭಾಗವಿದೆ. ಹೋದಾಗ ಮಗುವಿನ ಪರವಾಗಿ ನೀವೇ ಎಲ್ಲ ಹೇಳಿ ಮುಗಿಸಬೇಡಿ. ಸ್ವಲ್ಪ ಹೊತ್ತು ಹೊರಗೆ ಕೂತು, ಮಗು ವೈದ್ಯರ ಜೊತೆ ಒಬ್ಬರೇ ಮಾತಾಡಲು ಬಿಡಿ.