ಪ್ರಥಮ ಕ್ಯಾಮರಾದ ಆಯ್ಕೆ

ಕಣ್ಣು ಕಂಡುದನ್ನು ಕಾಲಕ್ಕೆ ಬಿಟ್ಟುಕೊಡದೆ ಉಳಿಸಿಕೊಳ್ಳಬೇಕೆಂಬ ಹಂಬಲ ಮಾನವನಿಗೆ ಸಹಜವಾದುದು. ನಮ್ಮ ಜಿಲ್ಲೆಯ ಚಿತ್ತಾಪುರ ತಾಲೂಕಿನ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲಾಫಲಕವೊಂದರಲ್ಲಿ ಅಶೋಕ ಚಕ್ರವರ್ತಿಯ ಆಕೃತಿಯನ್ನು ಕೊರೆದು, ಬ್ರಾಹ್ಮೀ ಲಿಪಿಯಲ್ಲಿ ಅವನ ಹೆಸರನ್ನೂ ಬರೆದಿದ್ದಾರೆ. ಮುಂದೆ ಈ ಪ್ರದೇಶವು ನಿಜಾಮರ ಆಳ್ವಿಕೆಯಲ್ಲಿದ್ದಾಗ, ಅವರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳರು (1844–1905) ನವಾಬರನ್ನೂ ಅರಮನೆಗಳನ್ನೂ ಗಾಜಿನ ಫಲಕಗಳಲ್ಲಿ ಸೆರೆಹಿಡಿದರು. ಆದರೆ ಅದೇ ಕಾಲದಲ್ಲಿ ಇಲ್ಲಿ ಹೊಲ ಉತ್ತ, ಕಲ್ಲು ಒಡೆದ ನಮ್ಮ ಮುತ್ತಜ್ಜಂದಿರ ಮುಖ ಹೇಗಿತ್ತೆಂಬುದು ನಮಗೆ ಗೊತ್ತಿಲ್ಲ. ನಮ್ಮ ಅಜ್ಜಿಯ ಚಿತ್ರವೆಂದರೆ ಮತದಾರರ ಚೀಟಿಯ ಮೇಲಿರುವುದೊಂದೇ.

ಬಿ.ಎ. ಮುಗಿದ ಮೇಲೆ ಸುಲೇಪೇಟದಲ್ಲಿಯೇ ಮದುವೆ, ತೊಟ್ಟಿಲು, ಜಾತ್ರೆಗಳ ಚಿತ್ರ ತೆಗೆದು ಸ್ವಲ್ಪ ಸಂಪಾದಿಸುತ್ತ ಮುಂದೆ ಓದಬೇಕೆಂಬುದು ನನ್ನ ವಿಚಾರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ನನ್ನ ಹಣಕ್ಕೆ, ತೊಗರಿ ಮಾರಿದ ಹಣದಲ್ಲಿ ಒಂದು ಪಾಲು ಸೇರಿಸಲು ಅಪ್ಪ ಒಪ್ಪಿದ್ದಾರೆ. ಮತ್ತೊಮ್ಮೆ ಕೊಳ್ಳುವ ಅವಕಾಶ ನಮ್ಮಂಥವರಿಗೆ ಬೇಗ ಬಾರದು. ಆದುದರಿಂದ ಈ ವಿಷಯವನ್ನು ಕೂಲಂಕಷವಾಗಿ ಅಭ್ಯಸಿಸಿದೆ. ತಿಳಿದುದನ್ನು ಸಹಪಾಠಿಗಳ ಮುಂದಿಡುತ್ತೇನೆ.

ಮೊದಲು ಯಂತ್ರದ ಪರಿಚಯ. ಡಿಜಿಟಲ್ ಎಸ್.ಎಲ್.ಆರ್. ಕ್ಯಾಮರಾದಲ್ಲಿ ಮಸೂರದ ಮೂಲಕ ಒಳಬಂದ ಬೆಳಕು ಓರೆಯಾಗಿ ನಿಲ್ಲಿಸಿದ ಕನ್ನಡಿಗೆ ತಗುಲಿ ಮೇಲಕ್ಕೆ ಹೊರಳಿ ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ, ಬೆಳಕು ಸೆನ್ಸರಿನ ಮೇಲೆ ಬೀಳುತ್ತದೆ. ಹಿಂದಿನ ಕಾಲದ ಫಿಲ್ಮಿನ ಕೆಲಸವನ್ನು ಈಗ ಸೆನ್ಸರು ಮಾಡುತ್ತದೆ. ಅದು ಮೊಬೈಲಿನ ಸೆನ್ಸರಿಗಿಂತ ಬಹಳ ದೊಡ್ಡದು. ಮಸೂರವನ್ನೂ ಸಂದರ್ಭಕ್ಕೆ ತಕ್ಕಂತೆ ಬದಲಿಸಬಹುದು. ಈ ಕ್ಯಾಮರಾದ ಹೆಚ್ಚುಗಾರಿಕೆ ಇವೆರಡರಲ್ಲಿದೆ.

ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ 'ಎಷ್ಟು ಮೆಗಾಪಿಕ್ಸೆಲ್?' ಎಂಬುದು. ಲೆಕ್ಕ ಮಾಡಿ ನೋಡೋಣ. 12 ಅಂಗುಲ ಉದ್ದ, 8 ಅಂಗುಲ ಅಗಲದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಮುದ್ರಿಸಲು 3600×2400, ಅಂದರೆ ಸುಮಾರು 86 ಲಕ್ಷ ಚುಕ್ಕೆಗಳು ಸಾಕು. ಇದು 9 ಮೆಗಾಪಿಕ್ಸೆಲ್ಲಿಗೂ ಕಡಿಮೆ. ಹತ್ತು ವರ್ಷ ಹಳೆಯ ಕ್ಯಾಮರಾಗಳಲ್ಲಿಯೂ ಇದಕ್ಕಿಂತ ಹೆಚ್ಚಿನದೇ ಇರುತ್ತದೆ. ಆದ್ದರಿಂದ ಈ ಸಂಖ್ಯೆಗಾಗಿ ಹೆಚ್ಚು ಹಣ ತೆರುವುದು ವ್ಯರ್ಥ. ಕ್ಯಾಮರಾದ ಒಡಲಿನ ಮೇಲೆ ಕಡಿಮೆ, ಮಸೂರದ ಮೇಲೆ ಹೆಚ್ಚು ಖರ್ಚು ಮಾಡಬೇಕೆಂಬುದೇ ನನ್ನ ಅಭ್ಯಾಸದ ಸಾರಾಂಶ. ಒಡಲು ಕೆಲವು ವರ್ಷಗಳಲ್ಲಿ ಹಳತಾಗುತ್ತದೆ. ಒಳ್ಳೆಯ ಮಸೂರವನ್ನು ಅದೇ ಜೋಡಣೆಯ ಮುಂದಿನ ಕ್ಯಾಮರಾಕ್ಕೂ ಹಾಕಿಕೊಳ್ಳಬಹುದು.

ಮಸೂರದ ಆಯ್ಕೆಗೆ ನಮ್ಮ ಸುತ್ತಲಿನ ಉದಾಹರಣೆಗಳನ್ನೇ ತೆಗೆದುಕೊಳ್ಳೋಣ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನು ಪೂರ್ತಿಯಾಗಿ ಹಿಡಿಯಬೇಕಾದರೆ ವಿಶಾಲ ನೋಟ ಬೇಕು. ಕ್ಯಾಮರಾದೊಡನೆ ಬರುವ 18–55 ಮಿ.ಮೀ. ಮಸೂರದ 18ರ ತುದಿ ಇದಕ್ಕೆ ಸಾಕು. ಚಿಂಚೋಳಿಯ ವನ್ಯಜೀವಿಧಾಮದಲ್ಲಿ ಹಕ್ಕಿಯನ್ನು ಹಿಡಿಯಲು 300 ಮಿ.ಮೀ.ವರೆಗಿನ ದೂರದ ಮಸೂರ ಬೇಕು. ಅದರಲ್ಲಿ ಕೈಯ ಸಣ್ಣ ನಡುಕವೂ ದೊಡ್ಡದಾಗಿ ಕಾಣುವುದರಿಂದ ಶಟರಿನ ವೇಗ ಸೆಕೆಂಡಿನ 500ರಲ್ಲಿ ಒಂದು ಭಾಗದಷ್ಟಾದರೂ ಇರಬೇಕು. ಇದನ್ನು ಮುಂದಿನ ವರ್ಷಕ್ಕೆ ಬಿಡಬಹುದು.

ಆದರೆ ನಮ್ಮ ಊರುಗಳ ಹೆಚ್ಚಿನ ಚಿತ್ರಗಳು ಒಂದೇ ಬಲ್ಬಿನ ಪಡಸಾಲೆಯಲ್ಲಿ, ರಾತ್ರಿಯ ಮದುವೆ ಹಂದರದಲ್ಲಿ ತೆಗೆಯತಕ್ಕವು. ಅಲ್ಲಿಗೆ ಸೂಕ್ತವಾದುದು 50 ಮಿ.ಮೀ., ಎಫ್/1.8 ಮಸೂರ. ಈ ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕಿನ ದ್ವಾರ ದೊಡ್ಡದು. 18–55 ಮಸೂರವು 55ರ ತುದಿಯಲ್ಲಿ ಎಫ್/5.6ರಷ್ಟು ಮಾತ್ರ ತೆರೆಯುತ್ತದೆ, ಎಫ್/1.8 ಅದರ ಸುಮಾರು ಹತ್ತರಷ್ಟು ಬೆಳಕನ್ನು ಒಳಬಿಡುತ್ತದೆ. ಅದು ಸೆಕೆಂಡಿನ 6ರಲ್ಲಿ ಒಂದು ಭಾಗ ತೆಗೆದುಕೊಂಡು ಮುಖವನ್ನು ಅಲುಗಿಸಿಬಿಡುವಲ್ಲಿ, ಇದು 60ರಲ್ಲಿ ಒಂದು ಭಾಗದಲ್ಲಿ ಕೆಲಸ ಮುಗಿಸುತ್ತದೆ. ಆಯಾ ಕಂಪನಿಯ ಅಗ್ಗದ ಮಸೂರಗಳಲ್ಲಿ ಇದೂ ಒಂದೆಂಬುದು ಸಂತೋಷದ ಸಂಗತಿ. ಆದರೆ ಎಚ್ಚರ ಬೇಕು. ನಿಕಾನಿನ ಡಿ3000 ಮತ್ತು ಡಿ5000 ಸಾಲಿನ ಕ್ಯಾಮರಾಗಳ ಒಡಲಲ್ಲಿ ಫೋಕಸ್ ಮೋಟಾರು ಇಲ್ಲ. ಅವಕ್ಕೆ ಹಳೆಯ ಎ.ಎಫ್.-ಡಿ ಮಾದರಿಯ ಮಸೂರ ಹಾಕಿದರೆ ಕೈಯಿಂದಲೇ ತಿರುಗಿಸಬೇಕಾಗುತ್ತದೆ, ಎ.ಎಫ್.-ಎಸ್. ಮಾದರಿಯನ್ನೇ ಕೇಳಬೇಕು. ಕ್ಯಾನನ್ನಿನ ಮಸೂರ ನಿಕಾನಿಗೆ ಕೂಡುವುದಿಲ್ಲವೆಂಬುದನ್ನೂ ಮರೆಯಬಾರದು.

ಹೊಸದೋ ಹಳೆಯದೋ ಎಂಬುದು ಮತ್ತೊಂದು ಪ್ರಶ್ನೆ. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ದೊಡ್ಡ ಸೆನ್ಸರಿನ, ಕನ್ನಡಿಯಿಲ್ಲದ ಹೊಸ ಸಾಲುಗಳನ್ನು ಹೊರತಂದವು. ಅಂದಿನಿಂದ ಹೊಸ ಶೋಧಗಳು ಅತ್ತ ಕಡೆಗೇ ಹರಿದಿವೆ. ಅನುಕೂಲಸ್ಥರು ಮಾರಿದ ಎಸ್.ಎಲ್.ಆರ್.ಗಳು ಕಡಿಮೆ ಬೆಲೆಗೆ ದೊರೆಯುವುದರಿಂದ ಇದು ನಮಗೆ ಲಾಭವೇ. ಕೊಳ್ಳುವಾಗ ಶಟರು ಎಷ್ಟು ಸಲ ತೆರೆದಿದೆ ಎಂಬ ಲೆಕ್ಕವನ್ನು ಕೇಳಬೇಕು. ಪ್ರಾರಂಭದ ದರ್ಜೆಯ ಯಂತ್ರಕ್ಕೆ 1 ಲಕ್ಷ ದೊಡ್ಡ ಸಂಖ್ಯೆಯೇ ಸರಿ. ಮಸೂರವನ್ನು ಬೆಳಕಿಗೆ ಹಿಡಿದು ಬೂಷ್ಟಿನ ಎಳೆಗಳಿವೆಯೇ ಎಂದು ನೋಡಬೇಕು. ಬಿಳಿಗೋಡೆಯ ಚಿತ್ರ ತೆಗೆದು ಕಲೆಗಳನ್ನು ಪರೀಕ್ಷಿಸಬೇಕು.

ಕೊನೆಯದಾಗಿ ಧೂಳಿನ ಮಾತು. ಶಹಾಬಾದಿನ ಕಲ್ಲುಗಣಿ, ವಾಡಿ–ಸೇಡಂಗಳ ಸಿಮೆಂಟು ಕಾರ್ಖಾನೆಗಳ ನಾಡು ನಮ್ಮದು. ಬಯಲಿನಲ್ಲಿ ಮಸೂರ ಬದಲಿಸಬಾರದು. ಅನಿವಾರ್ಯವಾದರೆ ಕ್ಯಾಮರಾದ ಬಾಯನ್ನು ಕೆಳಮುಖವಾಗಿ ಹಿಡಿದು ಬೇಗನೆ ಬದಲಿಸಬೇಕು. ಒಳಗೆ ಬಾಯಿಂದ ಊದಿದರೆ ಎಂಜಲ ಹನಿ ಬೀಳುವುದು. ರಬ್ಬರಿನ ಬ್ಲೋಅರ್ ಬಳಸುವುದೇ ಲೇಸು.

ಇಷ್ಟೆಲ್ಲ ಪರ್ಯಾಲೋಚಿಸಿ, ಬಳಸಿದ ಒಡಲೊಂದನ್ನೂ ಜೊತೆಗೆ 18–55 ಮತ್ತು 50 ಮಿ.ಮೀ. ಮಸೂರಗಳನ್ನೂ ಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಅಪ್ಪನ ತೊಗರಿಯ ಹಣ ಇದರಲ್ಲಿ ಸಾರ್ಥಕವಾಗುವುದೆಂಬ ನಂಬಿಕೆ ನನಗಿದೆ. ಕ್ಯಾಮರಾ ಕೊಳ್ಳಲಿರುವ ಮಿತ್ರರಿಗೆ ಈ ಕೆಲವು ಮಾತುಗಳು ನೆರವಾಗಿ, ಅವರ ಮನೆಯ ಹಿರಿಯರ ಮುಖಗಳೂ ಮುಂದಿನ ಪೀಳಿಗೆಗೆ ಉಳಿದರೆ ನನ್ನ ಶ್ರಮ ಸಫಲವಾದಂತೆ.